ಪಡ್ಡೆ, ಪೋಲಿ, ಪುಂಡ: ಹದಿಹರೆಯಕ್ಕೆ ಇಟ್ಟ ಹೆಸರುಗಳ ಚರಿತ್ರೆ



ಕುವೈತಿನ ಬೇಸಿಗೆ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಲೆಕ್ಕಾಚಾರ ಶುರುವಾಗುತ್ತವೆ. ಒಂದು ಊರಿಗೆ ಹೋಗುವ ಟಿಕೆಟ್ಟಿನದು. ಇನ್ನೊಂದು, ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದ ಮಗುವನ್ನು ಮುಂದೆ ಎಲ್ಲಿ ಓದಿಸುವುದು ಎಂಬುದು. ಮಂಗಳೂರೇ, ಮೂಡುಬಿದಿರೆಯೇ, ಮಣಿಪಾಲವೇ, ಬೆಂಗಳೂರೇ? ಫೀಸು, ಸೀಟು, ಹಾಸ್ಟೆಲ್ಲು ಎಲ್ಲದರ ಚರ್ಚೆ ಮುಗಿದ ಮೇಲೆ ಯಾರಾದರೊಬ್ಬರು ಆ ಮಾತು ಎತ್ತಿಯೇ ಎತ್ತುತ್ತಾರೆ: "ಈಗಿನ ಹುಡುಗರು ಹೇಗಿದ್ದಾರೆ ಅಂತ ಟಿವಿಯಲ್ಲಿ ನೋಡ್ತಾ ಇದ್ದೀರಲ್ಲ!" ಅಲ್ಲಿಗೆ ಮಾತು ನಿಲ್ಲುತ್ತದೆ. ಹುಡುಗಿಯಾದರಂತೂ ಎಷ್ಟೋ ಸಲ ಓದಿನ ಊರೇ ಬದಲಾಗುತ್ತದೆ.

ಹಾಗಾದರೆ ಟಿವಿಯಲ್ಲಿ ನಾವು ನೋಡುತ್ತಿರುವ ಆ 'ಈಗಿನ ಹುಡುಗ' ಯಾರು? ಅವನು ಎಲ್ಲಿಂದ ಬಂದ? ಈ ಸಂಚಿಕೆಯಲ್ಲಿ ಅವನ ವಂಶವೃಕ್ಷವನ್ನು ಸ್ವಲ್ಪ ಹುಡುಕೋಣ ಎಂದುಕೊಂಡಿದ್ದೇವೆ. ಹುಡುಕುತ್ತಾ ಹೋದರೆ ಗೊತ್ತಾಗುವುದೇನೆಂದರೆ, ಅವನು ಈಗಿನವನಲ್ಲ. ಬಹಳ ಹಳೆಯ ಕುಳ!

ಮೊದಲು ಹೆಸರುಗಳಿಂದಲೇ ಹೊರಡೋಣ. ಕನ್ನಡದಲ್ಲಿ 'ಹದಿಹರೆಯ' ಎಂಬ ಚೆಂದದ ಪದವಿದೆ. ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತಾ ಹದಿನೆಂಟರವರೆಗೆ ಬರುವ 'ಹದಿ'ಗೆ ಹರೆಯ ಸೇರಿ ಆದ ಮಾತು. ಹತ್ತೊಂಬತ್ತಕ್ಕೆ 'ಹದಿ' ಇಲ್ಲ, ಅಷ್ಟು ಹೊತ್ತಿಗೆ ಮಗು ದೊಡ್ಡದಾಗಿರುತ್ತದೆ ಎಂದೇನೋ! ಆದರೆ ಪತ್ರಿಕೆಯವರಿಗೆ ಈ ಪದ ಬೇಕಾಗುವುದು ಆರೋಗ್ಯದ ಅಂಕಣಕ್ಕೆ ಮಾತ್ರ. ಸಿನಿಮಾ ಪುಟಕ್ಕೆ ಬೇಕಾಗುವುದು 'ಪಡ್ಡೆ ಹುಡುಗರು'. ಯಾವ ನಟಿ ಬಂದರೂ ಪಡ್ಡೆ ಹುಡುಗರ ನಿದ್ದೆ ಕೆಡಲೇಬೇಕು. ಅದೇ ಹುಡುಗರು ನಗರದ ಸುದ್ದಿಯ ಪುಟಕ್ಕೆ ಬಂದರೆ 'ಪುಂಡರು', ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ 'ಬೀದಿ ಕಾಮಣ್ಣರು', ಬೈಕಿನ ಮುಂಚಕ್ರ ಎತ್ತಿದರೆ 'ವೀಲಿಂಗ್ ಪುಂಡರು'. ಒಂದು ಪುಟದಲ್ಲಿ ನಿದ್ದೆ ಕೆಡಿಸಿಕೊಳ್ಳಲು ಕರೆಯುವ ಪತ್ರಿಕೆಯೇ ಮತ್ತೊಂದು ಪುಟದಲ್ಲಿ ಅವರು ಕೆಟ್ಟರೆಂದು ಗೋಳಾಡುತ್ತದೆ. ಮನೆಮಾತಿನಲ್ಲೂ ಕೊರತೆಯಿಲ್ಲ. ಮೈಸೂರು ಸೀಮೆಗೆ ಪೋಲಿ, ಪೋಕರಿ. ಧಾರವಾಡದ ಕಡೆಗೆ ಉಡಾಳ. ಈ ವಯಸ್ಸಿನ ಒಳ್ಳೆಯ ಹುಡುಗನಿಗೋ ಹುಡುಗಿಗೋ ಎಂದೇ ಇಟ್ಟ ಹೆಸರು ಯಾವುದಾದರೂ ಇದೆಯೇ, ನೀವೇ ಯೋಚಿಸಿ. ಸಿಕ್ಕಿದರೆ ನಮಗೂ ಬರೆಯಿರಿ.

ಎಳೆಯರ ಮೇಲಿನ ದೂರು ಎಷ್ಟು ಹಳೆಯದು? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್ ತನ್ನ ಭಾಷಣಶಾಸ್ತ್ರದ ಗ್ರಂಥದಲ್ಲಿ ತರುಣರ ಸ್ವಭಾವ ವರ್ಣಿಸುತ್ತಾ, ಅವರು ಆಸೆಬುರುಕರು, ಮುಂಗೋಪಿಗಳು, ಎಲ್ಲದರಲ್ಲೂ ಅತಿ ಮಾಡುವವರು ಎಂದಿದ್ದಾನೆ. ಅವರ ಧೈರ್ಯವನ್ನೂ ಭರವಸೆಯನ್ನೂ ಅಲ್ಲೇ ಹೊಗಳಿದ್ದಾನೆ. ಆದರೆ ಆ ಭಾಗವನ್ನು ಯಾರೂ ಎತ್ತಿ ಹೇಳುವುದಿಲ್ಲ. ಇನ್ನು ಸಾಕ್ರಟೀಸ್ ಹೇಳಿದನೆಂದು ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲೂ ಫಾರ್ವರ್ಡ್ ಸಂದೇಶಗಳಲ್ಲೂ ಓಡಾಡುವ ಒಂದು ಮಾತಿದೆ. ಈಗಿನ ಮಕ್ಕಳಿಗೆ ಸುಖದ ಚಟ, ಹಿರಿಯರೆಂದರೆ ಅಗೌರವ ಎಂಬರ್ಥದ್ದು. ಅದು ಸಾಕ್ರಟೀಸನ ಮಾತೇ ಅಲ್ಲ! ಕೆನೆತ್ ಜಾನ್ ಫ್ರೀಮನ್ ಎಂಬ ಕೇಂಬ್ರಿಡ್ಜ್ ವಿದ್ಯಾರ್ಥಿ ಗ್ರೀಕರ ಶಾಲೆಗಳ ಬಗ್ಗೆ ಬರೆದು 1907ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಆ ಕಾಲದ ಹಿರಿಯರ ದೂರುಗಳನ್ನೆಲ್ಲ ಒಟ್ಟು ಮಾಡಿ ತನ್ನದೇ ಮಾತಿನಲ್ಲಿ ಸಂಗ್ರಹಿಸಿದ್ದ. ಮುಂದೆ ಅದಕ್ಕೆ ಸಾಕ್ರಟೀಸನ ಹೆಸರು ಅಂಟಿಕೊಂಡಿತು. ಎಳೆಯರನ್ನು ಬಯ್ಯಲು ದೊಡ್ಡವರಿಗೆ ಸಾಕ್ಷಿ ಬೇಕಾದಾಗ ಸಾಕ್ಷಿ ಹೇಗೋ ಹುಟ್ಟಿಕೊಳ್ಳುತ್ತದೆ ನೋಡಿ.

ದೂರು ಹಳೆಯದಾದರೂ 'ಹದಿಹರೆಯ' ಎಂದು ಬದುಕಿನ ಒಂದು ಕಾಲವನ್ನು ಪ್ರತ್ಯೇಕವಾಗಿ ಗುರುತಿಸುವ ರೂಢಿ ನಮ್ಮಲ್ಲಿ ಅಷ್ಟೇನೂ ಹಳೆಯದಲ್ಲ. ನಮ್ಮ ಮುತ್ತಜ್ಜಿಯರ ಕಾಲಕ್ಕೆ ಹದಿಮೂರರ ಹುಡುಗಿ ಎಂದರೆ ಸೊಸೆ. ಹದಿಮೂರರ ಹುಡುಗ ಎಂದರೆ ಗದ್ದೆಯಲ್ಲೋ ಅಂಗಡಿಯಲ್ಲೋ ದುಡಿಯುವ ಆಳು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆ ತಂದಾಗ ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಬ್ರಿಟಿಷ್ ಇಂಡಿಯಾದ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಗೆರೆ ಎಳೆಯಿತು. ಮದುವೆಯ ವಯಸ್ಸು ಮುಂದೆ ಹೋದಂತೆ, ಹೈಸ್ಕೂಲು ಕಾಲೇಜುಗಳು ತೆರೆದಂತೆ, ಮಗುವೂ ಅಲ್ಲದ ದೊಡ್ಡವರೂ ಅಲ್ಲದ ಒಂದು ಗುಂಪು ಒಂದೇ ಕಟ್ಟಡದಲ್ಲಿ ಒಟ್ಟಾಗಿ ಕೂರುವಂತಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಈ ವಯಸ್ಸಿನ ಮೇಲೆ ಎರಡು ಸಂಪುಟಗಳ ಗ್ರಂಥ ಬರೆದು, ಇದು ಬಿರುಗಾಳಿಯ ಕಾಲ ಎಂದ. 'ಟೀನೇಜರ್' ಎಂಬ ಮಾತು ಇಂಗ್ಲಿಷಿನಲ್ಲಿ ಮನೆಮಾತಾದದ್ದು 1940ರ ದಶಕದಲ್ಲಿ. ಅಷ್ಟರಲ್ಲೇ ಅವರನ್ನು ಗಿರಾಕಿಗಳೆಂದು ಗುರುತಿಸಿದ ವ್ಯಾಪಾರಿಗಳೂ ಅಲ್ಲಿ ಸಿದ್ಧರಾಗಿದ್ದರು.

ಕನ್ನಡದಲ್ಲಿ ಈ ಹೊಸ ಗುಂಪನ್ನು ರಂಗದ ಮೇಲೆ ತಂದು ನಿಲ್ಲಿಸಿದವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಈ ಮನುಷ್ಯ ಸುಮಾರು ಒಂದು ಶತಮಾನದ ಹಿಂದೆ ಬರೆದ 'ಟೊಳ್ಳುಗಟ್ಟಿ' ನಾಟಕದಲ್ಲಿ ಒಂದು ಮನೆಯ ಇಬ್ಬರು ಗಂಡುಮಕ್ಕಳಿದ್ದಾರೆ. ಒಬ್ಬ ಪರೀಕ್ಷೆಯಲ್ಲಿ ಮುಂದು, ಪುಸ್ತಕದ ಹುಳು. ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದು, ಅಪ್ಪನ ಕಣ್ಣಿಗೆ ಕೆಲಸಕ್ಕೆ ಬಾರದವನು. ಮನೆಗೆ ಕಷ್ಟ ಬಂದಾಗ ಕೈಗೆ ಸಿಕ್ಕವನು ಯಾರು ಎಂಬುದೇ ನಾಟಕ. ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಹೆಸರಿನಲ್ಲೇ ಕೇಳಿಬಿಟ್ಟಿದ್ದಾರೆ. ನಾಟಕ ನೋಡಿ ನಕ್ಕವರು ಬಹಳ. ಆದರೆ ಫೇಲಾದ ಹುಡುಗ ಎಂದರೆ ಕೆಟ್ಟ ಹುಡುಗ ಎಂಬ ಲೆಕ್ಕ ಮಾತ್ರ ಹಾಗೇ ಉಳಿಯಿತು. ಇಂದಿಗೂ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಮಾರನೆಯ ದಿನದ ಪತ್ರಿಕೆ ಬಿಡಿಸಿ ನೋಡಿ. ಮೊದಲ ಸ್ಥಾನ ಬಂದವರು ಸಿಹಿ ತಿನ್ನುತ್ತಿರುವ ಚಿತ್ರ ಮುಖಪುಟದಲ್ಲಿ. ಉಳಿದ ಲಕ್ಷಾಂತರ ಮಕ್ಕಳು ಒಂದು ಶೇಕಡಾವಾರು ಸಂಖ್ಯೆ. ಈ ವಯಸ್ಸಿನವರು ಮುಖಪುಟಕ್ಕೆ ಬರಲು ರ್‍ಯಾಂಕೋ ರಕ್ತವೋ, ಎರಡರಲ್ಲೊಂದು ಬೇಕು.

ಆದರೆ ಇದೇ ವಯಸ್ಸಿನವರು ನಮ್ಮ ಚರಿತ್ರೆಯಲ್ಲಿ ಇನ್ನೊಂದು ಬಗೆಯಲ್ಲೂ ಬಂದಿದ್ದಾರೆ. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಾರಾಯಣ ಡೋಣಿಗೆ ಆಗ 13 ವರ್ಷ. ಅದೇ ವರ್ಷ ಶಿಕಾರಿಪುರ ತಾಲೂಕಿನ ಈಸೂರಿನ ಜನ ತಮ್ಮದೇ ಸರ್ಕಾರ ಘೋಷಿಸಿಕೊಂಡಾಗ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಎಂದು ಆರಿಸಿದ್ದು ಊರಿನ ಇಬ್ಬರು ಎಳೆಯ ಹುಡುಗರನ್ನು. ಮುಂದೆ ಅಲ್ಲಿ ನಡೆದ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತು, 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದ ದಾರುಣ ಕಥೆ ನಿಮಗೆಲ್ಲ ಗೊತ್ತಿರುವುದೇ. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಟ ನಡೆದಿದ್ದಾಗ, ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಇಂದಿಗೂ ಆ ಊರಿನ ವೃತ್ತಕ್ಕಿದೆ. ಮೈಸೂರಿಗೆ ಹೋದವರೆಲ್ಲ ಆ ವೃತ್ತ ದಾಟಿಯೇ ಇರುತ್ತೀರಿ.

ಶಾಲೆ ಬಿಟ್ಟು ಬೀದಿಗಿಳಿದ ಈ ಹುಡುಗರು ಅಂದಿನ ಆಡಳಿತದ ಕಣ್ಣಿಗೆ ಗಲಭೆಕೋರರು; ಕೆಲವೇ ವರ್ಷಗಳಲ್ಲಿ ನಮ್ಮ ಪಠ್ಯಪುಸ್ತಕಕ್ಕೆ ಹುತಾತ್ಮರು. ಹುಡುಗರು ಅವರೇ, ಮಾಡಿದ್ದೂ ಅದನ್ನೇ. ಹೆಸರಿಡುವ ಅಧಿಕಾರ ಮಾತ್ರ ಕೈ ಬದಲಾಯಿಸಿತ್ತು. ಹೆಸರು ಹುಡುಗರ ಬಗ್ಗೆ ಹೇಳುವುದಕ್ಕಿಂತ ಹೆಸರಿಟ್ಟವರ ಬಗ್ಗೆಯೇ ಹೆಚ್ಚು ಹೇಳುತ್ತದೆ ಎಂಬುದು ನಮಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸ್ವಾತಂತ್ರ್ಯದ ಮೊದಲ ಉತ್ಸಾಹ ಇಳಿಯುವ ಹೊತ್ತಿಗೆ ಹೆಸರಿಡುವ ಕೆಲಸವನ್ನು ಸಿನಿಮಾ ವಹಿಸಿಕೊಂಡಿತು. 1972ರ ಡಿಸೆಂಬರಿನಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂತು. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದ ಚಿತ್ರ. ಚಿತ್ರದುರ್ಗದ ಕಾಲೇಜು ಹುಡುಗ ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುತ್ತಾನೆ, ಪ್ರಿನ್ಸಿಪಾಲರ ಮೇಲೆ ಹಗೆ ತೀರಿಸಿಕೊಳ್ಳುತ್ತಾನೆ, ಊರಿಗೆಲ್ಲ ಕೆಟ್ಟವನಾಗುತ್ತಾನೆ. ಅವನನ್ನು ಮಗನಂತೆ ಕಾಣುವವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಆದರೆ ಅದೇ ಮೇಷ್ಟ್ರು ತಾವು ನಂಬಿದ ಕಟ್ಟುಪಾಡಿಗಾಗಿ ಅವನ ಪ್ರೀತಿಯನ್ನು ಬಲಿ ಕೇಳುತ್ತಾರೆ. ಕೊನೆಗೆ ಏನಾಯಿತೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ವಿಷ್ಣುವರ್ಧನ್ ನಾಯಕರಾದರು, ಅಂಬರೀಷ್ ಪರಿಚಯವಾದರು, ಚಿತ್ರ ಹಿಂದಿ ತೆಲುಗುಗಳಿಗೂ ಹೋಯಿತು.

ಈ ಚಿತ್ರವನ್ನು ಎಷ್ಟು ಸಲ ನೋಡಿದರೂ ನಮಗನಿಸುವುದು, ಇದು ಹುಡುಗನೊಬ್ಬ ಕೆಟ್ಟ ಕಥೆ ಮಾತ್ರವಲ್ಲ, ಅವನ ಸುತ್ತಲಿನ ಹಿರಿಯರು ಏನು ಮಾಡಿದರು ಎಂಬುದರ ಕಥೆಯೂ ಹೌದು. ಹಾವನ್ನು ಕೆಣಕಿದವರು ಯಾರು ಎಂದು ಚಿತ್ರ ಕೇಳುತ್ತದೆ. ಜನಪ್ರಿಯತೆಯ ದಾರಿಯೇ ಬೇರೆ. ಮೇಷ್ಟ್ರ ಸಂಕಟಕ್ಕಿಂತ ಬೀದಿಯಲ್ಲಿ ಹುಡುಗಿಯನ್ನು ಕಾಡುವ ಜಲೀಲನ ಒಂದು ಸಾಲಿನ ಮಾತೇ ಊರೂರಿನ ಕಾಲೇಜು ಗೇಟುಗಳಲ್ಲಿ ಬಹುಕಾಲ ಕೇಳಿಸಿತು. ಮುಂದೆ ಬಂದ ಎಷ್ಟೋ ಚಿತ್ರಗಳು ಪುಟ್ಟಣ್ಣನವರ ಪ್ರಶ್ನೆಯನ್ನು ಬಿಟ್ಟು ರಾಮಾಚಾರಿಯ ಸಿಟ್ಟನ್ನೂ ಜಲೀಲನ ಚುಡಾಯಿಸುವಿಕೆಯನ್ನೂ ಮಾತ್ರ ಇಟ್ಟುಕೊಂಡವು. ತೊಂಬತ್ತರ ದಶಕದ ಹೊತ್ತಿಗೆ ಕಾಲೇಜು ಹುಡುಗನ ಕೈಗೆ ಮಚ್ಚೂ ಬಂತು.

'ನಾಗರಹಾವು' ಬಂದ ಅದೇ 1972ರಲ್ಲಿ ಇಂಗ್ಲೆಂಡಿನಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞನ ಒಂದು ಪುಸ್ತಕ ಹೊರಬಂತು. ಅವನು ಆರಿಸಿಕೊಂಡದ್ದು ಒಂದು ಸಣ್ಣ ಘಟನೆ. 1964ರ ಈಸ್ಟರ್ ರಜೆಯಲ್ಲಿ ಕ್ಲಾಕ್ಟನ್ ಎಂಬ ಕಡಲತೀರದ ಊರಿನಲ್ಲಿ ಮಾಡ್ಸ್ ಮತ್ತು ರಾಕರ್ಸ್ ಎಂಬ ಎರಡು ಬಗೆಯ ಹುಡುಗರ ಗುಂಪುಗಳು ಚಳಿಯಲ್ಲಿ ಬೇಸರ ಕಳೆಯಲು ಕಿತ್ತಾಡಿದವು. ಒಂದಷ್ಟು ಗಾಜು ಒಡೆದವು. ಊರಿಗಾದ ಒಟ್ಟು ನಷ್ಟ ಸುಮಾರು 500 ಪೌಂಡ್. ಮರುದಿನದ ಪತ್ರಿಕೆಗಳು ಊರಿಗೆ ಊರೇ ಧ್ವಂಸವಾಯಿತೆಂಬಂತೆ ಬರೆದವು. ಮುಂದಿನ ರಜೆಗೆ ಏನಾಗಬಹುದೆಂದು ಮೊದಲೇ ಭವಿಷ್ಯ ಹೇಳಿದವು. ಪೊಲೀಸರು ಹೆಚ್ಚು ಬಂದರು, ಕ್ಯಾಮೆರಾಗಳೂ ಬಂದವು, ನೋಡಲೆಂದು ಇನ್ನಷ್ಟು ಹುಡುಗರೂ ಬಂದರು. ಭವಿಷ್ಯ ನಿಜವಾಯಿತು! ಸಮಾಜ ತನ್ನೊಳಗಿನ ಯಾವುದೋ ದಿಗಿಲಿಗೆ ಒಂದು ಮುಖ ಹುಡುಕಿ ಅದನ್ನು ಗುಮ್ಮನನ್ನಾಗಿ ಮಾಡಿಕೊಳ್ಳುತ್ತದೆ ಎಂಬುದು ಕೋಹೆನ್ನನ ಮಾತಿನ ಸಾರ. ಮಕ್ಕಳನ್ನು ಹೆದರಿಸಲು ಗುಮ್ಮನನ್ನು ಕರೆಯುವವರು ನಾವು. ಇಲ್ಲಿ ಮಕ್ಕಳೇ ಗುಮ್ಮನಾಗುತ್ತಾರೆ.

ನಮ್ಮಲ್ಲಿ ಈ ಗುಮ್ಮ ಮನೆಯೊಳಗೇ ಬಂದು ಕೂತದ್ದು ಖಾಸಗಿ ವಾಹಿನಿಗಳ ಕಾಲದಲ್ಲಿ. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ದಿನವಿಡೀ ಸುದ್ದಿ ಕೊಡುವ ಟಿವಿ9 ಕನ್ನಡ 2006ರಲ್ಲಿ ಬಂದವು. ಈಟಿವಿಯಲ್ಲಿ ರವಿ ಬೆಳಗೆರೆಯವರ 'ಕ್ರೈಂ ಡೈರಿ' ಎಷ್ಟು ಜನಪ್ರಿಯವಾಗಿತ್ತೆಂದು ಮರೆಯುವಂತಿಲ್ಲ. ಊರಿನಿಂದ ದೂರವಿರುವ ನಮಗೆ ಕನ್ನಡ ವಾಹಿನಿಯೆಂದರೆ ಊರೇ. ಆದರೆ ಊರಿನಲ್ಲಿರುವವರು ಟಿವಿ ಆರಿಸಿ ಬೀದಿಗೆ ಬಂದರೆ ಕಾಲೇಜು ಬಿಟ್ಟು ಬಸ್ಸಿಗೆ ಓಡುವ, ಅಂಗಡಿಯಲ್ಲಿ ಅಪ್ಪನಿಗೆ ನೆರವಾಗುವ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ನೂರು ಮಕ್ಕಳು ಕಾಣುತ್ತಾರೆ. ನಾವು ಟಿವಿ ಆರಿಸಿದರೆ ಕಾಣುವುದು ಅಬು ಹಲೀಫಾದ ಬಕಾಲಾ, ಅದರಾಚೆಗೆ ಕಡಲು. ಊರಿನ ಮಕ್ಕಳ ಬಗ್ಗೆ ನಮ್ಮ ಬಳಿ ಉಳಿಯುವುದು ಟಿವಿ ಕೊಟ್ಟ ಚಿತ್ರವೊಂದೇ. ಇದಕ್ಕೇ ಇರಬೇಕು, ಊರಿನವರಿಗಿಂತ ನಾವೇ ಹೆಚ್ಚು ಹೆದರುತ್ತೇವೆ.

ಈ ಹೆದರಿಕೆ ಕಾನೂನನ್ನೂ ಮುಟ್ಟಿತು. 2012ರ ಡಿಸೆಂಬರಿನ ದೆಹಲಿಯ ಘೋರ ಪ್ರಕರಣದಲ್ಲಿ ಅಪರಾಧಿಗಳಲ್ಲೊಬ್ಬ ಹದಿನೆಂಟು ತುಂಬದವನಾಗಿದ್ದ. ಆ ಕ್ರೌರ್ಯಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಅಲ್ಲಿಂದ ಮುಂದೆ ಚರ್ಚೆ ಅವನೊಬ್ಬನ ಮೇಲೆ ನಿಲ್ಲದೆ ಆ ವಯಸ್ಸಿನ ಮೇಲೇ ಹರಿಯಿತು. 2013ರ ಜನವರಿಯಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ ಬಾಲನ್ಯಾಯದ ವಯೋಮಿತಿ ಇಳಿಸಲು ಒಪ್ಪಲಿಲ್ಲ. ಅದೇ ವರ್ಷದ ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಭಾರತೀಯ ದಂಡಸಂಹಿತೆಯಡಿ ದಾಖಲಾದ ಪ್ರಕರಣಗಳಲ್ಲಿ ಹದಿನೆಂಟರೊಳಗಿನವರ ಪಾಲು ಶೇಕಡಾ 1.2ರಷ್ಟು. ಟಿವಿಯ ಚರ್ಚೆಗಳಲ್ಲಿ ಈ ಸಂಖ್ಯೆ ಎಷ್ಟು ಸಲ ಕೇಳಿಸಿತು, ನೆನಪು ಮಾಡಿಕೊಳ್ಳಿ. 2015ರ ಹೊಸ ಕಾಯಿದೆ 16ರಿಂದ 18ರ ನಡುವಿನವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿತು. ಕಾನೂನಿನ ಭಾಷೆ 'ಬಾಲಾಪರಾಧಿ' ಎನ್ನುವುದನ್ನು ಬಿಟ್ಟು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಎನ್ನಲು ಕಲಿತು ಬಹಳ ಕಾಲವಾಗಿದೆ. ತಲೆಬರಹಕ್ಕೆ ಅಷ್ಟು ಉದ್ದದ ಮಾತು ಹಿಡಿಸುವುದಿಲ್ಲ, ಹಳೆಯದೇ ನಡೆಯುತ್ತಿದೆ.

ಅವಸರದ ತಲೆಬರಹದ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ನ್ಯೂಯಾರ್ಕಿನ ಒಂದು ಪ್ರಕರಣವಿದೆ. 1989ರ ಏಪ್ರಿಲಿನಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಮಹಿಳೆಯೊಬ್ಬರ ಮೇಲೆ ಭೀಕರ ದಾಳಿಯಾಯಿತು. 14ರಿಂದ 16 ವರ್ಷದ ಐವರು ಕಪ್ಪು ಮತ್ತು ಲ್ಯಾಟಿನೋ ಹುಡುಗರನ್ನು ಹಿಡಿದರು. ಪತ್ರಿಕೆಗಳು ಅವರನ್ನು ಕಾಡುಪ್ರಾಣಿಗಳ ಹಿಂಡಿಗೆ ಹೋಲಿಸಿ ಬರೆದವು. ಐವರಿಗೂ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬ ಕೈದಿ ತಾನೇ ಮಾಡಿದ್ದೆಂದು ಒಪ್ಪಿಕೊಂಡ, ಡಿಎನ್ಎ ಪರೀಕ್ಷೆಯೂ ಅದನ್ನೇ ಹೇಳಿತು. ಐವರ ಶಿಕ್ಷೆ ರದ್ದಾಯಿತು. ಅವರ ಹದಿಹರೆಯ ಮಾತ್ರ ಸೆರೆಮನೆಯಲ್ಲೇ ಮುಗಿದುಹೋಗಿತ್ತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮಲ್ಲಿ ಹಲವರ ಊರಾದ ಮಂಗಳೂರಿಗೇ ಬರೋಣ. 2009ರ ಜನವರಿ 24ರಂದು ಪಬ್ಬೊಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಹೊಡೆದು ಬೀದಿಗೆ ಅಟ್ಟಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ದಾಳಿ ಮಾಡಿತು. ದಾಳಿ ಮಾಡಿದವರು ಅದಕ್ಕೆ 'ರೇವ್ ಪಾರ್ಟಿ' ಎಂಬ ಹೆಸರಿಟ್ಟರು. ಎರಡೂ ಕಡೆ ಕ್ಯಾಮೆರಾಗಳಿದ್ದವು. ದೃಶ್ಯಗಳು ಮತ್ತೆ ಮತ್ತೆ ಪ್ರಸಾರವಾದವು. ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದು ಎಲ್ಲರಿಗೂ ಕಂಡಿತು. ಹೀಗಿದ್ದರೂ ಆ ವಾರ ಊರಿನಲ್ಲೂ ಇಲ್ಲಿಯೂ ಎಷ್ಟೋ ಮನೆಗಳಲ್ಲಿ ಎದ್ದ ಮೊದಲ ಪ್ರಶ್ನೆ, "ಆ ಹೊತ್ತಿನಲ್ಲಿ ಆ ಹುಡುಗಿಯರಿಗೆ ಅಲ್ಲೇನು ಕೆಲಸ?" ಎಂಬುದಾಗಿತ್ತು. ಹೋಂಸ್ಟೇ ದಾಳಿಯನ್ನು ಚಿತ್ರೀಕರಿಸಿ ಬೆಳಕಿಗೆ ತಂದ ವರದಿಗಾರ ನವೀನ್ ಸೂರಿಂಜೆಯವರನ್ನೂ ಆರೋಪಿಯೆಂದು 2012ರ ನವೆಂಬರಿನಲ್ಲಿ ಬಂಧಿಸಲಾಯಿತು. 2013ರ ಮಾರ್ಚಿನಲ್ಲಿ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಅದೇ ವರ್ಷ ಸರ್ಕಾರ ಅವರ ಮೇಲಿನ ಪ್ರಕರಣ ಹಿಂತೆಗೆದುಕೊಂಡಿತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ, ಹೋಂಸ್ಟೇ ಪ್ರಕರಣದ ಆರೋಪಿಗಳು 2024ರಲ್ಲಿ ಖುಲಾಸೆಯಾದರು. ಕೋರ್ಟಿನ ಲೆಕ್ಕ ಮುಗಿಯಿತು. ಹುಟ್ಟುಹಬ್ಬಕ್ಕೆಂದು ಹೋದ ಮಕ್ಕಳ ಹೆಸರಿಗೆ ಅಂಟಿಸಿದ ಆ ಎರಡು ಪದ ಯಾವ ತೀರ್ಪಿನಿಂದ ಅಳಿಸುತ್ತದೆ?

2022ರ ಆರಂಭದಲ್ಲಿ ಉಡುಪಿಯಿಂದ ಹೊರಟ ಹಿಜಾಬ್ ವಿವಾದದ ಬಗ್ಗೆ ನಮ್ಮ ಬಳಗದಲ್ಲೇ ನಾಲ್ಕು ಅಭಿಪ್ರಾಯಗಳಿವೆ, ಇರಲಿ. ಆದರೆ ಶಾಲೆ ಕಾಲೇಜುಗಳ ಗೇಟಿನ ಮುಂದೆ ಕ್ಯಾಮೆರಾ ಹಿಡಿದವರು ವಿದ್ಯಾರ್ಥಿನಿಯರ ಹಿಂದೆ ಓಡಿದ ದೃಶ್ಯ ನೋಡಿ ಸಂಕಟಪಡದವರು ನಮ್ಮಲ್ಲಿ ಯಾರೂ ಇರಲಿಲ್ಲ. ಪರೀಕ್ಷೆಗೆ ಓದಬೇಕಾದ ಹುಡುಗಿಯರು ಯಾರದೋ ವಾದಕ್ಕೆ ಪೋಸ್ಟರುಗಳಾದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ, ನ್ಯಾಯವಾದದ್ದೇ. ಹಾಗಾದರೆ ಮಕ್ಕಳಿಗೆ ಅಪಾಯವೇ ಇಲ್ಲವೇ? ಮಾದಕ ವಸ್ತು ಸುಳ್ಳೇ? ಮೊಬೈಲಿನಲ್ಲಿ ನಡೆಯುವ ಕಿರುಕುಳ ಸುಳ್ಳೇ? ಖಂಡಿತ ಅಲ್ಲ. 2025ರಲ್ಲಿ ಬಂದ 'ಅಡೋಲೆಸೆನ್ಸ್' ಎಂಬ ನಾಲ್ಕು ಕಂತುಗಳ ಬ್ರಿಟಿಷ್ ಧಾರಾವಾಹಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕೊಲೆ ಆರೋಪ ಹೊತ್ತ 13ರ ಹುಡುಗನ ಕಥೆ. ಅದು ಅಷ್ಟು ಕಾಡುವುದು ಹುಡುಗನನ್ನು ರಾಕ್ಷಸನೆಂದು ತೋರಿಸಿದ್ದರಿಂದಲ್ಲ. ಪಕ್ಕದ ಕೋಣೆಯಲ್ಲಿದ್ದ ಅಪ್ಪ ಅಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದು ತೋರಿಸಿದ್ದರಿಂದ. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರ್ಬಂಧಿಸಿದೆ. ಸರಿಯೋ ತಪ್ಪೋ ಚರ್ಚಿಸಬಹುದು. ಅಪಾಯ ನಿಜವಾಗಿರುವುದರಿಂದಲೇ ಗುಮ್ಮನ ಚಿತ್ರ ನಮಗೆ ದುಬಾರಿಯಾಗುತ್ತದೆ ಎಂಬುದು ನಮ್ಮ ವಾದ. ಸಂಜೆಯೆಲ್ಲ ಟಿವಿ ಮುಂದೆ ಕೂತು "ಈಗಿನ ಹುಡುಗರೇ ಹೀಗೆ" ಎನ್ನುವ ಮನೆಯಲ್ಲಿ ನಿಜವಾಗಿಯೂ ತೊಂದರೆಗೆ ಸಿಕ್ಕಿಕೊಂಡ ಮಗು ಬಾಯಿ ಬಿಡುತ್ತದೆಯೇ? ತಾನು ಹೇಳಿದರೆ ಕೇಳುವವರ ಬಾಯಲ್ಲಿ ಹೆಸರು ಸಿದ್ಧವಾಗಿದೆ ಎಂದು ಅದಕ್ಕೆ ಗೊತ್ತು. ಫೋಟೋ ಇಟ್ಟುಕೊಂಡು ಯಾರೋ ಬೆದರಿಸುತ್ತಿದ್ದರೆ, ಗೆಳೆಯರು ಏನೋ ಕೊಟ್ಟು ತಿನ್ನಲು ಒತ್ತಾಯಿಸುತ್ತಿದ್ದರೆ, ಅದು ಮೊದಲು ಮುಚ್ಚಿಡುವುದು ನಮ್ಮಿಂದಲೇ.

ನಮ್ಮ ಮಕ್ಕಳಿಗಂತೂ ಹೆಸರಿನ ಹೊರೆ ಎರಡು. ಇಲ್ಲಿದ್ದಾಗ ಅವರು 'ಟಿವಿಯಲ್ಲಿ ಬರುವ ಈಗಿನ ಹುಡುಗರು'. ಊರಿಗೆ ಹೋದರೆ 'ಗಲ್ಫಿನವರ ಮಕ್ಕಳು'. ಅಂದರೆ ದುಡ್ಡಿನ ಸೊಕ್ಕು, ಬ್ರ್ಯಾಂಡಿನ ಷೂ, ಸೆಂಟಿನ ವಾಸನೆ, ಕನ್ನಡ ಬರೋಲ್ಲ ಎಂದು ಮೊದಲೇ ತೀರ್ಮಾನ. ಇದೂ ಹಳೆಯ ಕಥೆಯೇ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನಿನ ದಾರಿಯಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದರು. ಅಪ್ಪನ ಕೆಲಸ, ಮನೆ, ಉಳಿತಾಯ ಎಲ್ಲ ಬಿಟ್ಟು ಬಂದ ಮಕ್ಕಳು ವರ್ಷದ ನಡುವೆ ಊರಿನ ಶಾಲೆಗಳಿಗೆ ಸೇರಿದಾಗಲೂ 'ಕುವೈತಿನ ಸಾಹುಕಾರನ ಮಗ' ಎಂಬ ಬಿರುದು ತಪ್ಪಲಿಲ್ಲ. ಎರಡು ಚೀಲ ಹಿಡಿದು ಬಂದವರಿಗೆ ಎಂಥ ಬಿರುದು! ಆ ಮಕ್ಕಳಲ್ಲಿ ಕೆಲವರು ಇಂದು ಇದೇ ಕುವೈತಿನಲ್ಲಿ ಅಪ್ಪ ಅಮ್ಮಂದಿರು. ಹೆಸರಿಡಿಸಿಕೊಂಡಾಗ ಹೇಗನ್ನಿಸುತ್ತದೆ ಎಂದು ಅವರನ್ನೇ ಕೇಳಬಹುದು.

ಆದ್ದರಿಂದ ಈ ಬೇಸಿಗೆಯಲ್ಲಿ ಮಗಳ ಓದಿನ ಊರು ನಿರ್ಧರಿಸುವಾಗ ಟಿವಿಯನ್ನು ಸಾಕ್ಷಿಗೆ ಕರೆಯುವುದನ್ನು ಬಿಡೋಣ ಎಂಬುದು ನಮ್ಮ ವಿನಂತಿ. ಆ ಕಾಲೇಜಿನಲ್ಲಿ ಕಳೆದ ವರ್ಷ ಓದಿದ ಹುಡುಗಿಯೊಬ್ಬಳಿಗೆ ಫೋನ್ ಮಾಡಿ ಕೇಳಿ. ಹಾಸ್ಟೆಲಿನ ವಾರ್ಡನ್ ಹೇಗೆ, ಸಂಜೆ ಬಸ್ಸು ಎಷ್ಟು ಹೊತ್ತಿನವರೆಗೆ, ತೊಂದರೆಯಾದರೆ ಯಾರಿಗೆ ಹೇಳುತ್ತಾರೆ. ಇವು ಉತ್ತರವಿರುವ ಪ್ರಶ್ನೆಗಳು. ಮಗಳು ಆ ಮಾತುಕತೆಯಲ್ಲಿ ಜೊತೆಗೇ ಕೂತಿರಲಿ. ಅವಳಿಗೂ ಕೇಳುವ ಪ್ರಶ್ನೆಗಳಿರುತ್ತವೆ, ಮತ್ತು ಅವು ನಮಗೆ ಹೊಳೆಯದ ಪ್ರಶ್ನೆಗಳಾಗಿರುತ್ತವೆ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಈ ಪತ್ರದಲ್ಲಿ ಮಕ್ಕಳ ಬಗ್ಗೆ ದೊಡ್ಡವರು ಬರೆದದ್ದು ಬಹಳವಾಯಿತು, ಇದೂ ಸೇರಿದಂತೆ. ಮುಂದಿನ ಸಂಚಿಕೆಯ ಎರಡು ಪುಟಗಳನ್ನು ಹದಿಮೂರರಿಂದ ಹದಿನೆಂಟರ ನಡುವಿನವರಿಗೆಂದು ತೆಗೆದಿಟ್ಟಿದ್ದೇವೆ. ವಿಷಯ ಅವರದೇ. ಕನ್ನಡ ಲಿಪಿ ಬಾರದವರು ಮಾತಿನಲ್ಲಿ ಹೇಳಲಿ, ಮನೆಯ ಹಿರಿಯರು ಬರೆದುಕೊಡಲಿ. ಬರೆದುಕೊಡುವ ಅಪ್ಪ ಅಮ್ಮಂದಿರಿಗೆ ಒಂದೇ ಷರತ್ತು: ಅವರು ಹೇಳಿದ್ದನ್ನೇ ಬರೆಯಬೇಕು. ನಡುವೆ ನಿಮ್ಮ ಬುದ್ಧಿವಾದ ಸೇರಿಸಬಾರದು! ಬರಹಗಳು ತಿಂಗಳ ಕೊನೆಯೊಳಗೆ ತಲುಪಲಿ.